ಹೊಳೆ ಹತ್ತಿರ ಬಂದರೆ ನಿಲ್ಲುತ್ತಿದ್ದ ನಮ್ಮ ಮನೆಯ ಕಾರು: ಕಾರಣ ಬಲ್ಲವರು ಇದ್ದೀರಾ?

ನವನಗರದವ (ಬಾಗಲಕೋಟೆ)

ಎಲ್ಲರಿಗೂ ನಮಸ್ಕಾರ. ನಾನು ಕೇಳಬೇಕೆಂದಿರುವ ಪ್ರಶ್ನೆಗೆ ಹತ್ತಿರಹತ್ತಿರ ನಲವತ್ತು ವರ್ಷ ವಯಸ್ಸಾಗಿದೆ, ಹಾಗಾಗಿ ಉತ್ತರಕ್ಕೆ ಅವಸರವೇನೂ ಇಲ್ಲ.

1983ರ ಡಿಸೆಂಬರಿನಲ್ಲಿ ಪ್ರಧಾನಿ ಇಂದಿರಾ ಗಾಂಧಿಯವರು ಮೊದಲ ಮಾರುತಿ 800 ಕಾರಿನ ಕೀಲಿಯನ್ನು ಕೊಂಡವರ ಕೈಗೆ ಕೊಡುತ್ತಿರುವ ಫೋಟೋ ನೋಡಿದ ದಿನದಿಂದ ನಮ್ಮ ಅಪ್ಪನಿಗೆ ಕಾರಿನ ಆಸೆ ಹತ್ತಿತು. ಆಸೆ ಹತ್ತಿದ್ದು ಆ ಕಾರಿನದು. ಮರುವರ್ಷ ಮನೆಯ ಮುಂದೆ ಬಂದು ನಿಂತದ್ದು ಮೂವರು ಮಾಲಕರ ಕೈ ದಾಟಿದ್ದ, ಬೆನ್ನು ಗುಂಡಗಿದ್ದ, ಬಾಗಿಲು ಹಾಕಿದರೆ ತಿಜೋರಿ ಮುಚ್ಚಿದಂತೆ ಸದ್ದಾಗುತ್ತಿದ್ದ ಒಂದು ಹಳೆಯ ಕಾರು. ಅದನ್ನು ಮಾಡಿದ ಕಂಪನಿಯ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಆ ವಯಸ್ಸಿನಲ್ಲಿ ಯಾರಾದರೂ ಅಲ್ಲಲ್ಲಿ ನಿಂತು ದಣಿವಾರಿಸಿಕೊಳ್ಳುವವರೇ. ಅದಕ್ಕಾಗಿ ಹೆತ್ತವರನ್ನು ದೂರುವುದು ನ್ಯಾಯವಲ್ಲ.

ಬಾಗಲಕೋಟೆ ಆಗ ಇನ್ನೂ ವಿಜಾಪುರ ಜಿಲ್ಲೆಯ ಒಂದು ತಾಲೂಕು. ನಮ್ಮ ಮನೆ ಮತ್ತು ಅಪ್ಪನ ಬಟ್ಟೆ ಅಂಗಡಿ ಎರಡೂ ಹಳೆಯ ಊರಿನಲ್ಲಿ, ಮುಂದೆ ಆಲಮಟ್ಟಿಯ ಹಿನ್ನೀರಿಗೆ ಸಿಕ್ಕ ಭಾಗದಲ್ಲಿದ್ದವು. ಅಪ್ಪ ಆ ಕಾರಿಗೆ ಮಾಡಿದ ಉಪಚಾರವನ್ನು ಹೆತ್ತ ಮಕ್ಕಳಿಗೂ ಮಾಡಲಿಲ್ಲ ಎಂದು ಅವ್ವ ಇಂದಿಗೂ ಅನ್ನುತ್ತಾಳೆ. ಸೀಟುಗಳಿಗೆ ಕೆಂಪು ರೆಕ್ಸಿನ್, ಸ್ಟೇರಿಂಗಿನ ಮುಂದೆ ಪುಟ್ಟ ಬಸವಣ್ಣ, ಪೆಟ್ರೋಲ್ ಟಾಕಿಗೆ ಲೇತ್ ಅಂಗಡಿಯಲ್ಲಿ ಕಡೆಸಿದ ಹಿತ್ತಾಳೆಯ ಮುಚ್ಚಳ, ಹಿಂದಿನ ಗಾಜಿಗೆ ಅಕ್ಕ ಹೆಣೆದ ಕ್ರೋಶಾದ ಪರದೆ. ಪ್ರತಿ ಅಮಾವಾಸ್ಯೆಗೆ ಪೂಜೆ, ನಿಂಬೆಹಣ್ಣು. ಇಷ್ಟೆಲ್ಲ ಮಾಡಿಸಿಕೊಂಡು ಕಾರು ಊರೊಳಗೆ ಒಂದು ದಿನವೂ ಕೈಕೊಟ್ಟಿದ್ದಿಲ್ಲ. ಚಳಿಗಾಲದ ಮುಂಜಾನೆ ಮಾತ್ರ ಒಮ್ಮೆ ದಬ್ಬಬೇಕಾಗುತ್ತಿತ್ತು; ದಬ್ಬುವುದರಲ್ಲಿಯೂ ಹಿರಿತನ ಕಿರಿತನ ಇತ್ತು. ಕಾಕಾನಿಗೆ ಬಲಗಡೆಯ ಬಾಗಿಲಿನ ಕಂಬ, ನನಗೆ ಡಿಕ್ಕಿಯ ನಡುಭಾಗ, ತಮ್ಮನಿಗೆ ಬಂಪರ್. ಅವನು ದಬ್ಬುತ್ತಿದ್ದನೋ ಜೋತುಬೀಳುತ್ತಿದ್ದನೋ ಎಂಬುದು ಕೊನೆಗೂ ಇತ್ಯರ್ಥವಾಗಲಿಲ್ಲ.

ಅದರ ನಿಜವಾದ ಆಟ ಶುರುವಾಗುತ್ತಿದ್ದುದು ಪರವೂರಿಗೆ ಹೊರಟಾಗ. ವಿಜಾಪುರದಲ್ಲಿ ಅವ್ವನ ತವರುಮನೆ ಇತ್ತು. ವರ್ಷಕ್ಕೆ ಮೂರು ನಾಲ್ಕು ಸಲ, ಸಂಕ್ರಮಣದ ಸಿದ್ಧೇಶ್ವರ ಜಾತ್ರೆಗೆ ತಪ್ಪದೆ, ನಾವು ಏಳು ಜನ ಒಂದೇ ಕಾರಿನಲ್ಲಿ ಹೊರಡುತ್ತಿದ್ದೆವು. ಹೊರಡುವ ಮುನ್ನ ಪೆಟ್ರೋಲ್ ಪಂಪಿನಲ್ಲಿ ಅಪ್ಪ ಟಾಕಿಯನ್ನು ಕಂಠಮಟ್ಟ ತುಂಬಿಸಿ, ಕಾರನ್ನು ಎರಡು ಸಲ ಅಲುಗಾಡಿಸಿ, ಇನ್ನೂ ಅರ್ಧ ಲೀಟರ್ ಹಿಡಿಸುತ್ತಿದ್ದರು. ಗದ್ದನಕೇರಿ ಕ್ರಾಸ್ ದಾಟಿ, ಅನಗವಾಡಿಯ ಹತ್ತಿರ ಘಟಪ್ರಭೆಯನ್ನು ದಾಟಿ, ಬೀಳಗಿ ಕ್ರಾಸ್ ಆದಮೇಲೆ ಕೃಷ್ಣಾ ನದಿ ಇನ್ನೇನು ಬಂತು ಅನ್ನುವಷ್ಟರಲ್ಲಿ ಕಾರು ಎರಡು ಸಲ ಮುಗ್ಗರಿಸಿ, ಬಿಕ್ಕಳಿಸಿ, ಬಂದ್ ಬೀಳುತ್ತಿತ್ತು. ಆಶ್ಚರ್ಯದ ಮಾತೆಂದರೆ ತಿರುಗಿ ಬರುವಾಗಲೂ ಅದು ಕೊಲ್ಹಾರದ ಆಸುಪಾಸಿನಲ್ಲೇ, ಅಂದರೆ ಹೊಳೆಯ ಆಚೆಯ ದಂಡೆಯಲ್ಲಿ, ನಿಲ್ಲುತ್ತಿತ್ತು. ದಬ್ಬಿದರೆ ಪ್ರಯೋಜನವಿಲ್ಲ, ಹ್ಯಾಂಡಲ್ ತಿರುಗಿಸಿದರೆ ಪ್ರಯೋಜನವಿಲ್ಲ. ಅರ್ಧ ಗಂಟೆಯೋ ಮುಕ್ಕಾಲು ಗಂಟೆಯೋ ಸುಮ್ಮನೆ ಬಿಟ್ಟರೆ ಏನೂ ಆಗದವರಂತೆ ಶುರುವಾಗುತ್ತಿತ್ತು, ಆಮೇಲೆ ಊರು ಮುಟ್ಟುವವರೆಗೆ ಮತ್ತೆ ನಿಲ್ಲುತ್ತಿರಲಿಲ್ಲ.

ನಮ್ಮ ಆಯಿಯ ಪ್ರಕಾರ ಇದು ಕೃಷ್ಣವ್ವನ ಕೆಲಸ. "ಹೊಳಿ ದಾಟೂ ಮುಂದ ಆಕಿಗೆ ಕಾಯಿ ಒಡೀದ ಹೋದ್ರ ಆಕಿ ಯಾಕ ಬಿಡ್ತಾಳ?" ಎಂದು ಆಯಿ ಮಡಿಲಿನಲ್ಲಿ ತೆಂಗಿನಕಾಯಿ ಇಟ್ಟುಕೊಂಡೇ ಕಾರು ಹತ್ತುತ್ತಿದ್ದಳು. ಅಪ್ಪನ ಪ್ರಕಾರ ಇದು ಬಿಸಿಲಿನ ಕೆಲಸ. ಬಾನೆಟ್ ಎತ್ತಿ, ಎಂಜಿನ್ನಿನ ಮಗ್ಗುಲಿಗಿದ್ದ ಪೆಟ್ರೋಲ್ ಪಂಪಿನ ಮೇಲೆ ಹಸಿ ಬಟ್ಟೆ ಹಾಕಿ, ಅದು ಒಣಗಿದಂತೆಲ್ಲ ಚಂಬಿನಿಂದ ನೀರು ಚಿಮುಕಿಸುತ್ತ ನಿಲ್ಲುತ್ತಿದ್ದರು. ನಾವು ಮಕ್ಕಳು ಬೇವಿನ ಮರದ ಬುಡದಲ್ಲಿ ಬುತ್ತಿ ಬಿಚ್ಚುತ್ತಿದ್ದೆವು. ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಎಣ್ಣೆಗಾಯಿ ಬದನೆಕಾಯಿ. ಬರುವಾಗಿನ ನಿಲುಗಡೆ ಇನ್ನೂ ಚೆಂದ, ಏಕೆಂದರೆ ಕೊಲ್ಹಾರದ ಮೊಸರಿನ ಗಡಿಗೆ ಕೈಯಳತೆಯಲ್ಲಿರುತ್ತಿತ್ತು. ಗಡಿಗೆಯನ್ನು ಬೋರಲು ಹಾಕಿದರೂ ಬೀಳದ ಆ ಗಟ್ಟಿ ಮೊಸರನ್ನು ರೊಟ್ಟಿಯ ತುಂಡಿನಿಂದಲೇ ಅಗೆದು ತಿನ್ನುತ್ತಿದ್ದೆವು. ಕಾರು ಬೇಗ ದುರಸ್ತಿಯಾಗದಿರಲಿ ಎಂದು ನಾನು ಬೇಡಿಕೊಂಡದ್ದುಂಟು.

ಅಪ್ಪನಿಗೆ ಈಗ ಎಂಬತ್ತಾರು. ಅವರ ಮಟ್ಟಿಗೆ ಈ ಪ್ರಶ್ನೆ ಎಂದೋ ತೀರ್ಮಾನವಾಗಿದೆ: ಬಿಸಿಲಿಗೆ ಪೆಟ್ರೋಲ್ ಕುದಿಯುತ್ತಿತ್ತು, ಹಸಿ ಬಟ್ಟೆಯಿಂದ ತಣಿಯುತ್ತಿತ್ತು. ನನಗೆ ಮಾತ್ರ ಸಮಾಧಾನವಿಲ್ಲ. ಬಲ್ಲವರು ತಿಳಿಸಬೇಕು. ನಿಮ್ಮ ಮನೆಯಲ್ಲಿಯೂ ಇಂಥ ಗಾಡಿ ಇದ್ದರೆ ಅದರ ಕಥೆಯನ್ನೂ ಬರೆಯಿರಿ.

ಗುಮ್ಮಟದ ನೆರಳು (ವಿಜಯಪುರ)

ನಿಮ್ಮ ತಂದೆಯವರು ಹೇಳುವುದೇ ಸರಿ ಎಂದು ನನ್ನ ಅಭಿಪ್ರಾಯ. ನಮ್ಮ ಊರಿನ ಏಪ್ರಿಲ್ ಮೇ ತಿಂಗಳ ಬಿಸಿಲು ನಲವತ್ತು ಡಿಗ್ರಿ ದಾಟುವುದು ಹೊಸ ಸಂಗತಿಯಲ್ಲ. ಪೆಟ್ರೋಲ್ ನೀರಿನಂತೆ ಒಂದೇ ಶಾಖದಲ್ಲಿ ಕುದಿಯುವ ದ್ರವವಲ್ಲ. ಅದರೊಳಗಿನ ಹಗುರ ಅಂಶಗಳು ನಲವತ್ತರ ಆಸುಪಾಸಿನಲ್ಲೇ ಆವಿಯಾಗತೊಡಗುತ್ತವೆ. ಹಳೆಯ ಕಾರುಗಳಲ್ಲಿ ಪೆಟ್ರೋಲ್ ಪಂಪು ಎಂಜಿನ್ನಿಗೇ ಅಂಟಿಕೊಂಡಿರುತ್ತಿದ್ದುದರಿಂದ ಪಂಪಿನಲ್ಲಿಯೂ ನಳಿಕೆಯಲ್ಲಿಯೂ ಆವಿ ತುಂಬಿಕೊಂಡು, ಪಂಪು ಎಷ್ಟು ಜಗ್ಗಿದರೂ ದ್ರವ ಬರದೆ ಆವಿಯೇ ಹಿಗ್ಗಿ ಕುಗ್ಗುತ್ತ ಕೂರುತ್ತಿತ್ತು. ಹಸಿ ಬಟ್ಟೆಯ ನೀರು ಆರುವಾಗ ಶಾಖವನ್ನು ಹೀರಿಕೊಳ್ಳುವುದರಿಂದ ಅದು ನಂಬಿಕೆಯಲ್ಲ, ಒಪ್ಪತಕ್ಕ ಉಪಾಯವೇ.

ತಿಕೋಟಾದ ಕಡೆ ನಮ್ಮ ಕಾಕಾನ ದ್ರಾಕ್ಷಿ ತೋಟವಿತ್ತು, ಜೊತೆಗೊಂದು ಪೆಟ್ರೋಲ್ ವ್ಯಾನು. ಕಾಕಾ ಅದರ ಪೆಟ್ರೋಲ್ ನಳಿಕೆಗೆ ಬಟ್ಟೆ ಒಣಹಾಕುವ ಕಟ್ಟಿಗೆಯ ಚಿಮಟಿಗೆಗಳನ್ನು ಸಾಲಾಗಿ ಸಿಕ್ಕಿಸಿದ್ದ. ಕಟ್ಟಿಗೆ ಶಾಖವನ್ನು ಎಳೆದುಕೊಳ್ಳುತ್ತದೆ ಎಂದು ಯಾರೋ ಲಾರಿಯವರು ಅವನಿಗೆ ಹೇಳಿದ್ದರಂತೆ. ಅದರಿಂದ ವ್ಯಾನಿಗೆ ಉಪಯೋಗವಾಯಿತೋ ಇಲ್ಲವೋ, ಕಾಕೂನ ಸೀರೆಗಳು ಗಾಳಿಗೆ ಹಾರಿ ಬೇಲಿಗೆ ಬೀಳತೊಡಗಿದವು. "ಮನ್ಯಾಗ ಒಂದ ಚಿಮಟಿಗಿ ಇಲ್ಲ, ಗಾಡಿಗೆ ನೋಡಿದ್ರ ಕೊರಳತುಂಬ ಸರ" ಎಂದು ಆಕೆ ಸಿಡುಕುತ್ತಿದ್ದುದು ನನ್ನ ಕಿವಿಯಲ್ಲಿದೆ.

ಗೋಕಾಕ ರಸ್ತೆ (ಗೋಕಾಕ)

ಮೇಲಿನ ಉತ್ತರವನ್ನು ಗೌರವದಿಂದಲೇ ಒಪ್ಪುವುದಿಲ್ಲ. ಪ್ರಶ್ನೆ ಕೇಳಿದವರು ಸಂಕ್ರಮಣದ ಜಾತ್ರೆಗೆ ಹೋಗುವಾಗಲೂ ಕಾರು ನಿಲ್ಲುತ್ತಿತ್ತು ಎಂಬ ಅರ್ಥದಲ್ಲಿ ಬರೆದಿದ್ದಾರೆ. ಜನವರಿಯ ಮುಂಜಾನೆ, ರಗ್ಗು ಹೊದ್ದುಕೊಂಡು ಕುಳಿತ ಪ್ರಯಾಣಿಕರ ನಡುವೆ ಪೆಟ್ರೋಲ್ ಕುದಿಯಿತೆಂದರೆ ನಂಬುವುದು ಕಷ್ಟ.

ನನ್ನ ಅನುಮಾನ ಪೆಟ್ರೋಲನ್ನು ಹೊತ್ತಿಸುವ ಕಿಡಿ ಹುಟ್ಟಿಸುವ ಭಾಗಗಳ ಮೇಲೆ: ಇಗ್ನಿಷನ್ ಕಾಯಿಲಿನ ಮೇಲೆ, ಇಲ್ಲವೇ ಡಿಸ್ಟ್ರಿಬ್ಯೂಟರಿನಲ್ಲಿ ಪಾಯಿಂಟಿನ ಪಕ್ಕ ಇರುತ್ತಿದ್ದ ಬೆರಳುದ್ದದ ಕಂಡೆನ್ಸರಿನ ಮೇಲೆ. ಹಳೆಯ ಕಾಯಿಲು ತಣ್ಣಗಿರುವಾಗ ಸರಿಯಾಗಿ ಕಿಡಿ ಕೊಡುತ್ತದೆ; ಒಂದು ತಾಸು ಓಡಿ ಕಾದ ಮೇಲೆ ಒಳಗಿನ ತಂತಿ ಹಿಗ್ಗಿ ಸಂಪರ್ಕ ತಪ್ಪಿ ಕಿಡಿ ನಿಲ್ಲುತ್ತದೆ; ಆರಿದ ಮೇಲೆ ಮತ್ತೆ ಸರಿಹೋಗುತ್ತದೆ. ಅರ್ಧ ಗಂಟೆ ಸುಮ್ಮನೆ ಬಿಟ್ಟರೆ ಶುರುವಾಗುವ ಲಕ್ಷಣ ಇದಕ್ಕೂ ಹೊಂದುತ್ತದೆ. ತೀರ್ಮಾನ ಮಾಡಲು ಒಂದೇ ಸಂಗತಿ ಗೊತ್ತಾಗಬೇಕು. ಗಾಡಿ ನಿಂತ ಕೂಡಲೇ ಎಂಜಿನ್ನಿನೊಳಗೆ ಕಿಡಿ ಹಾರಿಸುವ ಪ್ಲಗ್ ಬಿಚ್ಚಿದಾಗ ಅದು ಪೆಟ್ರೋಲಿನಿಂದ ಹಸಿಯಾಗಿತ್ತೋ ಒಣಗಿತ್ತೋ? ಹಸಿಯಾಗಿದ್ದರೆ ಕಿಡಿಯ ದೋಷ, ಒಣಗಿದ್ದರೆ ಪೆಟ್ರೋಲ್ ಬರುತ್ತಿಲ್ಲ ಎಂದರ್ಥ. ತಂದೆಯವರು ಪ್ಲಗ್ ಬಿಚ್ಚುತ್ತಿದ್ದರೇ?

ನಮ್ಮ ಮನೆಯಲ್ಲಿದ್ದದ್ದು ಜೀಪು. ಕೊಲ್ಹಾಪುರದ ಅಂಬಾಬಾಯಿಗೆ ಹೋಗಿ ಬರುವಾಗ ತವಂದಿ ಘಾಟಿನಲ್ಲಿ ಅದರ ರೇಡಿಯೇಟರ್ ಬುಸುಗುಡತೊಡಗಿದರೆ ನನಗೆ ಎಲ್ಲಿಲ್ಲದ ಸಂಭ್ರಮ. ಏರಿನಲ್ಲಿ ಗಾಡಿ ನಿಂತ ಕ್ಷಣವೇ ಹಿಂದಿನಿಂದ ಜಿಗಿದು ಚಕ್ರಕ್ಕೆ ಕಲ್ಲು ಕೊಡುವುದು ನನ್ನ ಕೆಲಸವಾಗಿತ್ತು. ಅದಕ್ಕೆಂದೇ ಒಂದು ಚಪ್ಪಟೆ ಕಲ್ಲನ್ನು ಕಾಲಬುಡದಲ್ಲಿ ಇಟ್ಟುಕೊಂಡಿರುತ್ತಿದ್ದೆ. ಹನ್ನೊಂದು ವರ್ಷದ ಹುಡುಗನ ಕೈಯಲ್ಲಿ ಒಂಬತ್ತು ಜನರ ಜೀವ ಇದೆ ಎಂದು ನಮ್ಮ ಮುತ್ತ್ಯಾ ಒಮ್ಮೆ ಹೇಳಿದ್ದನ್ನು ನಾನು ಶಾಲೆಯಲ್ಲಿ ಎಷ್ಟು ಸಲ ಹೇಳಿದೆನೆಂದರೆ ಕೊನೆಗೆ ಗುರುಗಳು ಆ ಕಲ್ಲನ್ನೇ ತಂದು ತೋರಿಸು ಎಂದರು. ಮರುದಿನ ತೆಗೆದುಕೊಂಡು ಹೋದೆ.

ನವನಗರದವ (ಬಾಗಲಕೋಟೆ)

ಗೋಕಾಕದವರಿಗೆ: ಹೌದು, ಬಿಚ್ಚುತ್ತಿದ್ದರು. ಪ್ಲಗ್ಗನ್ನು ಮೂಗಿನ ಹತ್ತಿರ ಹಿಡಿದು ಮೂಸಿ, "ಒಣಗೇತಿ ನೋಡು, ಪೆಟ್ರೋಲ ಬಂದೇ ಇಲ್ಲ" ಎಂದು ಕಾಕಾನಿಗೆ ತೋರಿಸುತ್ತಿದ್ದ ಚಿತ್ರ ಕಣ್ಣಿಗೆ ಕಟ್ಟಿದಂತಿದೆ. ಅದನ್ನು ಅವರು ತಮ್ಮ ಬಿಸಿಲಿನ ವಾದಕ್ಕೆ ಸಾಕ್ಷಿಯಾಗಿಯೇ ಬಳಸುತ್ತಿದ್ದರು. ಆದರೆ ಜನವರಿಯ ಮಾತು ನೀವು ಎತ್ತಿದ್ದು ಸರಿಯಾಗಿದೆ. ಜಾತ್ರೆಗೆ ಹೋಗುವಾಗ ನಸುಕಿನಲ್ಲೇ ಹೊರಡುತ್ತಿದ್ದೆವು, ಆಗಲೂ ನಿಲ್ಲುತ್ತಿತ್ತು, ಆಗಲೂ ಅಪ್ಪ ಆ ಚಳಿಯಲ್ಲಿ ಹಸಿ ಬಟ್ಟೆ ಹಾಕುತ್ತಿದ್ದರು! ಇಷ್ಟು ವರ್ಷ ನಮ್ಮ ಮನೆಯ ಒಬ್ಬರಿಗೂ ಇದು ಹೊಳೆಯಲಿಲ್ಲವಲ್ಲ.

ಮೂರನೇ ಗೇಟಿನವಳು (ಬೆಳಗಾವಿ)

ನಾನು ಯಂತ್ರಗಳ ವಿಷಯ ತಿಳಿದವಳಲ್ಲ. ನಮ್ಮ ಸ್ಕೂಟರಿನ ಕಥೆಯನ್ನು ಹೇಳಿ ಹೋಗುತ್ತೇನೆ, ನಿಮ್ಮ ಪ್ರಶ್ನೆಗೆ ಅದು ಹೊಂದುತ್ತದೆಯೋ ಇಲ್ಲವೋ ತಿಳಿದವರು ಹೇಳಲಿ.

ಒಂದು ಮಗ್ಗುಲಿಗೆ ವಾಲಿಸಿ, ಒಂದು ಕ್ಷಣ ತಡೆದು, ಆಮೇಲೆ ಕಿಕ್ ಹೊಡೆಯುವ ಸ್ಕೂಟರ್ ಎಂದರೆ ನನ್ನ ವಯಸ್ಸಿನವರಿಗೆ ಹೆಚ್ಚು ವಿವರಿಸಬೇಕಿಲ್ಲ. ಪೆಟ್ರೋಲಿಗೆ ಎಣ್ಣೆ ಬೆರೆಸುವ ಗಾಡಿ. ಲೀಟರಿಗೆ 20 ಮಿಲಿಯಂತೆ ಅಳೆದು ಹಾಕಬೇಕು. ಹೆಚ್ಚಾದರೆ ಪ್ಲಗ್ಗಿಗೆ ಮಸಿ ಹಿಡಿಯುತ್ತದೆ, ಕಡಿಮೆಯಾದರೆ ಎಂಜಿನ್ನು ಹಿಡಿದುಕೊಳ್ಳುತ್ತದೆ. ಅಪ್ಪನ ಕಿಸೆಯಲ್ಲಿ ಬ್ಯಾಂಕಿನ ಕೀಲಿಗಳ ಜೊತೆ ಸದಾ ಒಂದು ಚೂರು ಉಸುಕಿನ ಕಾಗದ ಇರುತ್ತಿತ್ತು, ಪ್ಲಗ್ ತಿಕ್ಕಲಿಕ್ಕೆ. ನಾನು ಮುಂದೆ ನಿಂತುಕೊಳ್ಳುವವಳು, ತಂಗಿ ಅಪ್ಪ ಅವ್ವನ ನಡುವೆ. ಮುಂದೆ ನಿಂತವರಿಗೆ ಊರೆಲ್ಲ ಮೊದಲು ಕಾಣುತ್ತದೆ, ಮಳೆಯೂ ಮೊದಲು ಬಡಿಯುತ್ತದೆ. ಬೆಳಗಾವಿಯ ಮಳೆ ಹೇಗಿರುತ್ತದೆಂದು ಬಯಲುಸೀಮೆಯ ತಮಗೆ ಹೇಳಿದರೆ ಹೊಟ್ಟೆಕಿಚ್ಚಾದೀತು; ಜೂನಿನಲ್ಲಿ ಹಿಡಿದದ್ದು ಗಣಪತಿ ಕೂಡ್ರಿಸುವವರೆಗೆ ಬಿಡುತ್ತಿರಲಿಲ್ಲ.

ಸೀಟಿನ ಕೆಳಗಿದ್ದ ಪೆಟ್ರೋಲ್ ಟಾಕಿಯ ಮುಚ್ಚಳದಿಂದ ಒಳಗೆ ನೀರು ಇಳಿಯುತ್ತದೆ ಎಂಬುದು ಅಪ್ಪನ ದೊಡ್ಡ ಚಿಂತೆಯಾಗಿತ್ತು. ಒಂದು ಮಳೆಗಾಲದ ಮೊದಲ ದಿನ ಅವರು ಆ ಮುಚ್ಚಳಕ್ಕೆ ಪ್ಲಾಸ್ಟಿಕ್ ಚೀಲ ಸುತ್ತಿ ಎರಡು ರಬ್ಬರ್ ಬ್ಯಾಂಡ್ ಬಿಗಿದರು. ಅಂದಿನಿಂದ ಟಿಳಕವಾಡಿಯ ಎರಡನೇ ರೈಲ್ವೆ ಗೇಟಿನ ಸುತ್ತಮುತ್ತ ಸ್ಕೂಟರ್ ನಿಲ್ಲುವುದು ನಿತ್ಯದ ಮಾತಾಯಿತು. ನೀರೇ ಹೋಗಿರಬೇಕು ಎಂದು ಅಪ್ಪ ಚೀಲ ಬಿಚ್ಚಿ, ಮುಚ್ಚಳ ತೆಗೆದು ಒಳಗೆ ಇಣುಕಿ, ಮತ್ತೆ ಹಾಕಿ ಕಿಕ್ ಹೊಡೆದರೆ ಶುರು! ಅವರು ಮತ್ತಷ್ಟು ಜೋಪಾನವಾಗಿ, ಎರಡು ಚೀಲ ಸುತ್ತುತ್ತಿದ್ದರು. ಹೀಗೆ ಮೂರು ಮಳೆಗಾಲ ಕಳೆದವು. ಕೊನೆಗೆ ಖಡೇಬಜಾರದ ಕಡೆಯ ಒಬ್ಬ ವಯಸ್ಸಾದ ಮಿಸ್ತ್ರಿ ಸೀಟು ಎತ್ತಿ ನೋಡಿ, ಒಂದು ಮಾತೂ ಆಡದೆ ಚೀಲ ಹರಿದು ಗಟಾರಕ್ಕೆ ಎಸೆದ. ಎಷ್ಟು ಕೊಡಬೇಕು ಎಂದು ಅಪ್ಪ ಕೇಳಿದರೆ, "ಹವಾ ಬಿಟ್ಟಿದ್ದಕ್ಕ ಏನ ರೊಕ್ಕ ತಗೊಳ್ಳೂದ್ರಿ ಸಾಹೇಬ್ರ" ಎಂದ. ಮುಚ್ಚಳದಲ್ಲಿ ಸೂಜಿಯ ಮೊನೆಯಷ್ಟು ಸಣ್ಣ ತೂತು ಇರುತ್ತದೆಂದೂ, ಅದು ಇರಲೇಬೇಕೆಂದೂ ನಮಗೆ ಅಂದೇ ಗೊತ್ತಾದದ್ದು.

ನಿಮ್ಮ ಪಟ್ಟಿಯಲ್ಲಿ ಹಿತ್ತಾಳೆಯ ಮುಚ್ಚಳ ಎಂದು ಓದಿದಾಗ ಇದು ನೆನಪಾಯಿತು, ಅಷ್ಟೆ.

ಹಳೆಯ ಬೋಧಕ (ಜಮಖಂಡಿ)

ನಾನು ಐಟಿಐಯಲ್ಲಿ ಮೋಟಾರು ಮೆಕ್ಯಾನಿಕ್ ವಿಭಾಗದಲ್ಲಿ ಪಾಠ ಮಾಡಿ ನಿವೃತ್ತನಾದವನು. ಬೆಳಗಾವಿಯ ಅಕ್ಕಾವರು ತಾವು ತಿಳಿದವರಲ್ಲ ಎಂದು ಬರೆದು, ತಿಳಿದವರೆಂದುಕೊಂಡ ನಮಗೆಲ್ಲ ದಾರಿ ತೋರಿಸಿದ್ದಾರೆ.

ಟಾಕಿಯಿಂದ ಒಂದು ಲೀಟರ್ ಪೆಟ್ರೋಲ್ ಹೊರಗೆ ಹೋದರೆ ಆ ಜಾಗಕ್ಕೆ ಅಷ್ಟೇ ಗಾಳಿ ಒಳಗೆ ಬರಬೇಕು. ಅದಕ್ಕಾಗಿ ಹಳೆಯ ಗಾಡಿಗಳ ಮುಚ್ಚಳದಲ್ಲಿ ಉಸಿರಾಟದ ರಂಧ್ರವನ್ನು ಇಡುತ್ತಿದ್ದರು. ಅದು ಇಲ್ಲದಿದ್ದರೆ, ಅಥವಾ ಧೂಳು ಕೂತು ಕಟ್ಟಿಕೊಂಡರೆ, ಟಾಕಿಯೊಳಗಿನ ಒತ್ತಡ ಇಳಿಯುತ್ತ ಹೋಗಿ, ಪಂಪು ಈ ಕಡೆ ಜಗ್ಗುವುದಕ್ಕೂ ಟಾಕಿ ಆ ಕಡೆ ಹಿಡಿದುಕೊಳ್ಳುವುದಕ್ಕೂ ಸರಿಸಮ ಆದಾಗ ಪೆಟ್ರೋಲ್ ಬರುವುದು ನಿಲ್ಲುತ್ತದೆ. ಸ್ಕೂಟರಿನಲ್ಲಿ ಪಂಪೇ ಇಲ್ಲ, ಪೆಟ್ರೋಲ್ ತನ್ನ ಭಾರದಿಂದ ತಾನೇ ಇಳಿಯಬೇಕು. ಆದ್ದರಿಂದ ಅದು ಬೇಗ ನಿಲ್ಲುತ್ತಿತ್ತು. ಕಾರಿಗೆ ಪಂಪಿನ ಬಲವಿದ್ದುದರಿಂದ ಹೆಚ್ಚು ದೂರ ಹೋಗುತ್ತಿತ್ತು.

ಟಾಕಿಯನ್ನು ಕಂಠಮಟ್ಟ ತುಂಬಿಸುತ್ತಿದ್ದರು ಎಂಬ ಮಾತು ಇಲ್ಲಿ ಮುಖ್ಯವಾಗುತ್ತದೆ. ಉದಾಹರಣೆಗೆ, ತುಂಬಿದ ಟಾಕಿಯ ಮೇಲ್ಭಾಗದಲ್ಲಿ ಐದು ಲೀಟರಿನಷ್ಟು ಮಾತ್ರ ಗಾಳಿ ಉಳಿದಿದೆ ಎನ್ನೋಣ. ಎರಡು ಲೀಟರ್ ಪೆಟ್ರೋಲ್ ಖರ್ಚಾದರೆ ಅದೇ ಗಾಳಿ ಏಳು ಲೀಟರಿನ ಜಾಗವನ್ನು ತುಂಬಬೇಕು. ಒತ್ತಡ ಹೆಚ್ಚುಕಡಿಮೆ ಏಳರಲ್ಲಿ ಐದು ಭಾಗಕ್ಕೆ ಇಳಿಯುತ್ತದೆ. ಪೆಟ್ರೋಲಿನ ಆವಿಯೂ ಸ್ವಲ್ಪ ಜಾಗ ತುಂಬುವುದರಿಂದ ಲೆಕ್ಕ ಇಷ್ಟು ನೇರವಾಗಿರುವುದಿಲ್ಲ, ಆದರೂ ದಿಕ್ಕು ಇದೇ. ಅದೇ ಟಾಕಿ ಅರ್ಧ ಖಾಲಿ ಇದ್ದು, ಇಪ್ಪತ್ತೈದು ಲೀಟರ್ ಗಾಳಿ ಇದ್ದಾಗ ಎರಡು ಲೀಟರ್ ಖರ್ಚಾದರೆ ಏನೂ ಗೊತ್ತಾಗುವುದಿಲ್ಲ. ಊರೊಳಗೆ ಸ್ವಲ್ಪ ಸ್ವಲ್ಪ ಓಡಿಸುತ್ತ, ನಡುನಡುವೆ ನಿಲ್ಲಿಸುತ್ತ ಇದ್ದಾಗ ಕಾರು ಕೈಕೊಡದಿದ್ದುದಕ್ಕೂ, ಒಮ್ಮೆ ನಿಂತು ಹೊರಟ ಮೇಲೆ ಮತ್ತೆ ನಿಲ್ಲದಿದ್ದುದಕ್ಕೂ ಇದೇ ಕಾರಣವಿರಬಹುದು. ಅರ್ಧ ಗಂಟೆಯಲ್ಲಿ ಎಲ್ಲಿಂದಲೋ ಚೂರುಚೂರು ಗಾಳಿ ಒಳಗೆ ನುಸುಳುತ್ತಿತ್ತು. ಬಟ್ಟೆ ಹಾಕಿದರೂ ಹಾಕದಿದ್ದರೂ ಕಾರು ಶುರುವಾಗುತ್ತಿತ್ತು ಎಂದು ನನ್ನ ಊಹೆ.

ಹಾಗೆಂದು ತಮ್ಮ ತಂದೆಯವರನ್ನೂ ವಿಜಯಪುರದವರನ್ನೂ ಪೂರ್ತಿ ತಪ್ಪೆನ್ನಲಾರೆ. ಒತ್ತಡ ಇಳಿದಷ್ಟೂ ಪೆಟ್ರೋಲ್ ಕಡಿಮೆ ಶಾಖಕ್ಕೇ ಆವಿಯಾಗುತ್ತದೆ. ಬೇಸಿಗೆಯಲ್ಲಿ ಎರಡೂ ಕೂಡಿ ಕಾಡಿರಬೇಕು, ಚಳಿಗಾಲದಲ್ಲಿ ಒಂದೇ.

ಎರಡು ವಿಷಯ ತಿಳಿಸಿದರೆ ಅನುಮಾನ ಉಳಿಯುವುದಿಲ್ಲ. ತಿರುಗಿ ಬರುವಾಗಲೂ ಟಾಕಿ ತುಂಬಿಸುತ್ತಿದ್ದರೇ? ಆ ಹಿತ್ತಾಳೆಯ ಮುಚ್ಚಳ ಕೂಡಿಸುವ ಮೊದಲೂ ಕಾರು ಹೀಗೆಯೇ ನಿಲ್ಲುತ್ತಿತ್ತೇ?

ನವನಗರದವ (ಬಾಗಲಕೋಟೆ)

ಉತ್ತರ ಬರೆಯಲು ನಾಲ್ಕು ದಿನ ತಡವಾಯಿತು, ಕ್ಷಮಿಸಿ. ಧಾರವಾಡದಲ್ಲಿರುವ ಅಕ್ಕನೊಡನೆ ಫೋನಿನಲ್ಲಿ ಮಾತನಾಡಿದೆ, ಅವ್ವನ ಹತ್ತಿರವೂ ಕುಳಿತು ಕೇಳಿದೆ. ಅಪ್ಪನ ಎದುರಿಗೆ ಕೇಳಲಿಲ್ಲ.

ಮೊದಲನೆಯದು: ಹೌದು. ವಿಜಾಪುರದಲ್ಲಿ ಮಾಮಾನ ಪರಿಚಯದ ಪೆಟ್ರೋಲ್ ಪಂಪ್ ಇತ್ತು, ಅಳತೆ ಸಾಚಾ ಎಂದು ಅಪ್ಪ ಬರುವಾಗ ಅಲ್ಲಿಯೇ ಮತ್ತೆ ತುಂಬಿಸುತ್ತಿದ್ದರು. ಎರಡೂ ಊರುಗಳಿಂದ ಹೊಳೆ ನಡುದಾರಿಯಲ್ಲಿದೆ. ಪಾಪ, ಕೃಷ್ಣವ್ವ ಇಷ್ಟು ವರ್ಷ ಸುಮ್ಮನೆ ಅಪವಾದ ಹೊತ್ತಳು. ತೆಂಗಿನಕಾಯಿಗಳೇನೋ ಆಕೆಗೆ ಸಂದಿವೆ.

ಎರಡನೆಯದು: ಮೊದಲ ಒಂದೂವರೆ ವರ್ಷ ಕಾರು ನಿಂತದ್ದೇ ಇಲ್ಲವೆಂದು ಅವ್ವ ಖಚಿತವಾಗಿ ಹೇಳುತ್ತಾಳೆ, ಏಕೆಂದರೆ ತಮ್ಮನ ಜಾವಳ ತೆಗೆಸಲು ಹೋದಾಗ ಎಲ್ಲಿಯೂ ಇಳಿಯದೆ ಹೋಗಿ ಬಂದದ್ದು ಅವಳಿಗೆ ನೆನಪಿದೆ. ಆಮೇಲೆ ಒಂದು ದಿನ ಅಪ್ಪ ಪೆಟ್ರೋಲ್ ಹಾಕಿಸಿಕೊಂಡು, ಮುಚ್ಚಳವನ್ನು ಕಾರಿನ ಟಾಪಿನ ಮೇಲೆಯೇ ಮರೆತು ಹೊರಟುಬಿಟ್ಟರು. ಮುಚ್ಚಳ ಸಿಗಲಿಲ್ಲ. ಲೇತ್ ಅಂಗಡಿಯವರು ಹಿತ್ತಾಳೆಯಲ್ಲಿ ಹೊಸದನ್ನು ಕಡೆದು, ಒಳಗೆ ತೊಗಲಿನ ವಾಶರ್ ಕೂಡಿಸಿ, "ಒಂದ ಹನಿ ಸೋರಂಗಿಲ್ಲ ನೋಡ್ರಿ" ಎಂದು ಕೊಟ್ಟರಂತೆ. ಮನೆಗೆ ಬಂದವರಿಗೆಲ್ಲ ಅಪ್ಪ ಅದನ್ನು ತೋರಿಸುತ್ತಿದ್ದುದು ನನಗೂ ನೆನಪಿದೆ.

ಅಕ್ಕ ಇನ್ನೊಂದು ಸಂಗತಿ ಹೇಳಿದಳು. ಒಂದು ಸಲ ಕಾರು ನಿಂತಾಗ ಹಿಂದಿನಿಂದ ಬಂದ ಲಾರಿಯ ಡ್ರೈವರ್ ಇಳಿದು, ಪೆಟ್ರೋಲ್ ಇದೆಯೋ ಇಲ್ಲವೋ ನೋಡುತ್ತೇನೆಂದು ಕಡ್ಡಿ ಹಿಡಿದುಕೊಂಡು ಹೋಗಿ ಟಾಕಿಯ ಮುಚ್ಚಳ ತಿರುವಿದನಂತೆ. ಯಾರೋ ಜೋರಾಗಿ ನಿಟ್ಟುಸಿರು ಎಳೆದುಕೊಂಡಂತೆ ಸದ್ದಾಯಿತಂತೆ. ಮುಚ್ಚಳ ಮತ್ತೆ ಹಾಕಿ ಕೀಲಿ ತಿರುವಿದರೆ ಸ್ವಲ್ಪ ಹೊತ್ತಿಗೇ ಎಂಜಿನ್ನು ಶುರು. ಎಂಥ ಕೈಗುಣ ಎಂದು ಅಪ್ಪ ಆ ಡ್ರೈವರನಿಗೆ ರೊಟ್ಟಿ ಕಟ್ಟಿಸಿ ಕೊಟ್ಟರಂತೆ. ಟಾಕಿ ತುಂಬಿರುವುದು ಗೊತ್ತಿದ್ದುದರಿಂದ ತಾವಾಗಿ ಅದನ್ನು ತೆರೆದು ನೋಡುವ ಪ್ರಸಂಗ ಅಪ್ಪನಿಗೆ ಬರಲಿಲ್ಲ.

1993ರಲ್ಲಿ ಕಾರನ್ನು ಮುದ್ದೇಬಿಹಾಳದ ಒಬ್ಬರಿಗೆ ಮಾರಿದೆವು. ಹಿತ್ತಾಳೆ ಮುಚ್ಚಳವನ್ನು ಬಿಟ್ಟುಕೊಡಲು ಅಪ್ಪನಿಗೆ ಮನಸ್ಸಾಗದೆ, ಗುಜರಿಯಲ್ಲಿ ಒಂದು ತಗಡಿನ ಮುಚ್ಚಳ ಹುಡುಕಿ ಹಾಕಿ ಕೊಟ್ಟಿದ್ದರು. ಎರಡು ವರ್ಷದ ಮೇಲೆ ಕೊಂಡವರು ಮದುವೆಯ ಜವಳಿಗೆಂದು ಅಂಗಡಿಗೆ ಬಂದಾಗ, ಗಾಡಿ ಒಂದು ದಿನವೂ ದಾರಿಯಲ್ಲಿ ನಿಂತಿಲ್ಲ, ಸೊಲ್ಲಾಪುರದವರೆಗೂ ಹೋಗಿ ಬಂದಿದೆ ಎಂದರು. ಅವರು ಹೋದ ಮೇಲೆ ಅಪ್ಪ ಗಲ್ಲೆಯ ಮೇಲೆ ಕೈಯಿಟ್ಟುಕೊಂಡು, "ಭಾಳ ಸಂಭಾವಿತ ಮನಷ್ಯಾ, ನಮಗ ಬ್ಯಾಸರ ಆಗಬಾರದಂತ ಸುಳ್ಳ ಹೇಳಿದ" ಎಂದದ್ದನ್ನು ನಾನೇ ಕೇಳಿದ್ದೇನೆ.

ನಿನ್ನೆ ಸಂಜೆ ಅಂಗಡಿಗೆ ಹೋಗಿದ್ದೆ. ಆ ಮುಚ್ಚಳ ಇಂದಿಗೂ ಅಪ್ಪನ ಗಲ್ಲೆಯ ಮೇಲಿದೆ, ಫ್ಯಾನಿನ ಗಾಳಿಗೆ ಪಾವತಿಗಳು ಹಾರದಂತೆ ಅವುಗಳ ಮೇಲೆ ಕೂತಿರುತ್ತದೆ. ಪ್ರತಿ ದೀಪಾವಳಿಗೆ ಹುಣಸೆಹಣ್ಣು ಹಚ್ಚಿ ತಿಕ್ಕುವುದರಿಂದ ಥಳಥಳ ಹೊಳೆಯುತ್ತದೆ. ಅಪ್ಪ ಗಿರಾಕಿಯ ಜೊತೆ ಮಾತಿನಲ್ಲಿದ್ದಾಗ ಕೈಗೆತ್ತಿಕೊಂಡು ಒಳಗೂ ಹೊರಗೂ ನೋಡಿದೆ. ಬೆಳಕಿಗೆ ಹಿಡಿದೆ. ಎಲ್ಲಿಯೂ ತೂತಿಲ್ಲ. ತುಟಿಗಿಟ್ಟು ಕೆನ್ನೆ ಉಬ್ಬುವಷ್ಟು ಊದಿದೆ, ಗಾಳಿ ಹೋಗಲಿಲ್ಲ.

"ಏನ ಮಾಡಾಕತ್ತೀಯೋ ಅದರ ಜೋಡಿ?" ಎಂದರು ಅಪ್ಪ.

"ಧೂಳ ಕೂತಿತ್ತ್ರೀ ಅಪ್ಪಾ" ಎಂದು ಅಂಗಿಯ ತುದಿಯಿಂದ ಒರೆಸಿ ಮತ್ತೆ ಪಾವತಿಗಳ ಮೇಲಿಟ್ಟೆ.